ಆ ಲೈಟು ನಮ್ಮ ಹುಡುಗ ಮಾಡಿದ್ದಲ್ಲ

ನೋಡ್ರವ್ವ, ಸುತ್ತಿ ಬಳಸಿ ಹೇಳೋಕೆ ನಂಗೆ ಬರಾಕಿಲ್ಲ. ನಮ್ಮನೆ ನಡುಮನೇಲಿ ಉಪ್ಪುನೀರಿನ ಫಿಶ್ ಟ್ಯಾಂಕ್ ಮ್ಯಾಲೆ ನೀಲಿಗೆ ಉರೀತದಲ್ಲ, ಆ ಎಲ್‌ಇಡಿ ಲೈಟು, ಅದು ನನ್ನ ಮಗ ಮಾಡಿದ್ದಲ್ಲ. ನಮ್ಮ ತಂಗಿ ಮಗಳು ಮಾಡಿದ್ದು. ಪಕ್ಕದಲ್ಲಿ ಕೂತು ತಂತಿ ಹಿಡಕೊಟ್ಟು, ಅರ್ಧದಷ್ಟು ಬೆಸುಗೆ ಹಾಕಿದ್ದು ನಾನು. ಮಗ ಆವಾಗ ಊರಲ್ಲೇ ಇರಲಿಲ್ಲ.

ಇದನ್ನ ಯಾಕೆ ಇಷ್ಟು ಒತ್ತಿ ಹೇಳ್ತಾ ಇವ್ನಿ ಅಂದ್ರೆ, ಹೋದ ತಿಂಗಳು ಆ ಹುಡುಗೀನ ನೋಡಕ್ಕೆ ಗಂಡಿನ ಕಡೆಯೋರು ಬಂದಿದ್ರು. ತಂಗಿ ಮನೆ ಕಟ್ಟಿಸ್ತಾ ಇರೋದ್ರಿಂದ ಶಾಸ್ತ್ರ ನಮ್ಮನೇಲೇ ಆಯ್ತು. ಬಂದೋರೆಲ್ಲಾ ಟ್ಯಾಂಕ್ ಮುಂದೆ ನಿಂತ್ಕಂಡು ಬಾಯಿ ಬಿಟ್ಕಂಡು ನೋಡಿದ್ರು. ಗಂಡಿನ ತಾಯಿ "ಲೈಟು ಎಷ್ಟು ಚಂದ ಐತೆ, ಎಲ್ಲಿ ತಂದ್ರಿ" ಅಂತ ಕೇಳಿದ್ರು. ನಾನು ಬಾಯಿ ತೆಗೆಯೋದ್ರೊಳಗೆ ನಮ್ಮೋರೇ ಒಬ್ರು, ಹೆಸರು ಬೇಡ ಬಿಡಿ, ಅವರಿಗೇ ಗೊತ್ತಾಯ್ತದೆ, "ನಮ್ಮ ಹುಡುಗನೇ ಮಾಡಿದ್ದು, ಭಾರೀ ಬುದ್ಧಿವಂತ" ಅಂದುಬಿಟ್ರು. ಆ ಹೆಣ್ಣು ಕಾಫಿ ತಟ್ಟೆ ಹಿಡ್ಕಂಡು ಅಲ್ಲೇ ನಿಂತಿತ್ತು. ಆಮೇಲೆ ಅಡುಗೆಮನೇಲಿ ನಾನು ಕೇಳಿದ್ದಕ್ಕೆ ಬಂದ ಉತ್ತರ ಇದು: "ಹುಡುಗಿ ಕರೆಂಟ್ ಕೆಲಸ ಮಾಡ್ತಾಳೆ ಅಂದ್ರೆ ಅವರು ಏನಂದ್ಕತಾರೆ? ಗಂಡುಬೀರಿ ಅನ್ಕಳಲ್ವಾ?"

ಅವತ್ತು ನೆಂಟರ ಮುಂದೆ ಜಗಳ ಬೇಡ ಅಂತ ನುಂಗ್ಕಂಡೆ. ಇವತ್ತು ಬರೀತೀನಿ.

ಮೊದಲು ಟ್ಯಾಂಕ್ ವಿಷಯ ಮುಗಿಸಿಬಿಡ್ತೀನಿ, ಯಾಕಂದ್ರೆ ಅರ್ಧ ಜನಕ್ಕೆ ಅದರ ಮ್ಯಾಲೇ ಕಣ್ಣು. ಹೊಂಗನೂರಿಗೆ ಸಮುದ್ರದ ಮೀನು ಬೇಕಿತ್ತಾ ಅಂತ ಕೇಳ್ತೀರಿ. ಬೇಕಿರಲಿಲ್ಲ. ಕಣ್ವ ಕೆರೆ ಮೀನು ಸಾರಿಗೆ, ಬಾಟ್ಲಿ ಗಪ್ಪಿ ಮೀನು ನೋಡಕ್ಕೆ, ನಮಗೆ ಅಷ್ಟೇ ಸಾಕಾಗಿತ್ತು. ನಮ್ಮ ಚಿಕ್ಕೋನಿಗೆ ಹುಚ್ಚು. ಬೆಂಗಳೂರಲ್ಲಿ ಕೆಲಸ ಮಾಡುವಾಗ ಸ್ನೇಹಿತನ ಮನೇಲಿ ನೋಡ್ಕಂಡು ಬಂದು ಎರಡಡಿ ಉದ್ದದ, 80 ಲೀಟರ್ ಹಿಡಿಯೋ ಟ್ಯಾಂಕು ತಂದು ಇಟ್ಟ. ಆರು ತಿಂಗಳಿಗೆ ಅವನಿಗೆ ಪುಣೆಗೆ ವರ್ಗ ಆಯ್ತು. ಬ್ಯಾಗು ಹಿಡ್ಕಂಡು ಹೊಂಟ, ಸಮುದ್ರ ನನ್ನ ತಲೆ ಮ್ಯಾಲೆ ಬಿತ್ತು. ಗಂಡುಮಕ್ಕಳ ಹವ್ಯಾಸ ಅಂದ್ರೆ ಹಂಗೇ ಅಲ್ವಾ, ತರೋರು ಅವರು, ತೊಳೆಯೋರು ನಾವು. ನಾಯಿ ತಂದ್ರೂ ಅಷ್ಟೇ, ಪಾರಿವಾಳ ತಂದ್ರೂ ಅಷ್ಟೇ.

ಆದ್ರೆ ಜೀವ ಇರೋದನ್ನ ಸಾಯಕ್ಕೆ ಬಿಡಕ್ಕಾಯ್ತದಾ? ಒಂದು ಲೀಟರ್ ನೀರಿಗೆ 35 ಗ್ರಾಂ ಲೆಕ್ಕದಲ್ಲಿ ಸಮುದ್ರದ ಉಪ್ಪಿನ ಪುಡಿ ಕಲಸೋದು ಕಲಿತೆ. ಅಡುಗೆ ಉಪ್ಪಲ್ಲ ಕಣ್ರವ್ವ, ಅದಕ್ಕೇ ಅಂತ ಬರ್ತದೆ, ಕ್ಯಾಲ್ಸಿಯಂ ಮೆಗ್ನೀಷಿಯಂ ಎಲ್ಲ ಸೇರಿರ್ತದೆ. ಬೋರ್‌ವೆಲ್ ನೀರು ಹಾಕಂಗಿಲ್ಲ, ಆರ್‌ಓ ನೀರೇ ಆಗಬೇಕು. ನೀರಿನ ಮಟ್ಟ ಆರಿದಾಗ ಉಪ್ಪುನೀರು ಹಾಕಬಾರದು, ಸಿಹಿನೀರೇ ಹಾಕಬೇಕು, ಯಾಕಂದ್ರೆ ಆವಿಯಾಗಿ ಹೋಗೋದು ನೀರು ಮಾತ್ರ, ಉಪ್ಪು ಅಲ್ಲೇ ಉಳ್ಕತದೆ. ಉಪ್ಪಿನಕಾಯಿ ಹಾಕಿ ಹಾಕಿ ಕೈ ಪಳಗಿರೋ ನಮಗೆ ಇದೇನು ದೊಡ್ಡ ವಿದ್ಯೆ ಅಲ್ಲ.

ಅದರೊಳಗೆ ಕಲ್ಲಿಗೆ ಅಂಟ್ಕಂಡು ಹೂವಿನಂಗೆ ಅರಳ್ತವಲ್ಲ, ಅವು ಗಿಡ ಅಲ್ಲ, ಪ್ರಾಣಿ. ಹವಳದ ಜಾತಿಯವು. ನಮ್ಮ ತಾಳಿ ಸರದಲ್ಲಿ ಕರಿಮಣಿ ಜೊತೆ ಪೋಣಿಸೋ ಕೆಂಪು ಹವಳ ಬೇರೆ, ಅದು ಕತ್ತಲಿರೋ ಆಳದಲ್ಲಿ ಬೆಳೆಯೋದು, ಬೆಳಕೇ ಬೇಡ. ಇವಕ್ಕೆ ಬೆಳಕೇ ಊಟ. ಮೈ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಸಾಕ್ಕಂಡಿರ್ತವೆ. ಆ ಪಾಚಿ ಬೆಳಕಲ್ಲಿ ಅಡುಗೆ ಮಾಡ್ತದೆ, ಹವಳ ಉಣ್ತದೆ. ಬೆಳಕು ಕಮ್ಮಿಯಾದ್ರೆ ಉಪವಾಸ. ಒಂದೇ ಸಲ ಜಾಸ್ತಿಯಾದ್ರೆ ಪಾಚಿನೆಲ್ಲ ಹೊರಗೆ ಹಾಕಿ ಬಿಳಚಿಕೊಂಡು ಸಾಯ್ತವೆ. ಸಮುದ್ರ ಬಿಸಿಯಾದಾಗ ಹವಳ ಬಿಳುಪಾಯ್ತು ಅಂತ ಪೇಪರ್‌ನಲ್ಲಿ ಓದ್ತೀವಲ್ಲ, ಅದೂ ಇದೇ ಥರದ್ದೇ.

ಇಲ್ಲೇ ಒಂದು ಮಾತು ಹೇಳಿಬಿಡ್ತೀನಿ, ನಮ್ಮ ಟ್ಯಾಂಕ್ ನೋಡಿ ಯಾರಾದ್ರೂ ಆಸೆಪಟ್ರೆ ಗೊತ್ತಿರಲಿ. ಕಲ್ಲು ಹವಳ ಅಂತಾರಲ್ಲ, ಸಮುದ್ರದಲ್ಲಿ ದಿಬ್ಬ ಕಟ್ಟೋ ಜಾತಿ, ಅದನ್ನ 2001ರಲ್ಲೇ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಗೆ ಸೇರಿಸವ್ರೆ. ಹುಲಿ ಇರೋ ಪಟ್ಟಿ ಅದು. ಮುರ್ಡೇಶ್ವರಕ್ಕೆ ಹೋದೋರಿಗೆ ದೂರದಲ್ಲಿ ನೇತ್ರಾಣಿ ದ್ವೀಪ ಅಂತ ತೋರಿಸ್ತಾರೆ, ಅದರ ಸುತ್ತ ನಮ್ಮ ಕರ್ನಾಟಕದ್ದೇ ಹವಳ ಐತೆ. ಲಕ್ಷದ್ವೀಪ, ಅಂಡಮಾನ್, ತಮಿಳುನಾಡಿನ ಮನ್ನಾರ್ ಕೊಲ್ಲಿ, ಗುಜರಾತಿನ ಕಚ್ ಕೊಲ್ಲಿ, ಎಲ್ಲಿಂದ ಕಿತ್ತು ತಂದು ಮಾರಿದ್ರೂ ಅಪರಾಧ. ಅಂಗಡೀಲಿ "ಸಮುದ್ರದ್ದು, ಫ್ರೆಶ್ಶು" ಅಂದ್ರೆ ಚೀಲ ಅಲ್ಲೇ ಇಟ್ಟು ಎದ್ದು ಬನ್ನಿ. ನಮ್ಮನೇಲಿ ಇರೋದು ಮೆತ್ತನೆಯ ಜಾತಿಯವು, ಅಣಬೆಯಂಗಿರೋವು, ಗುಂಡಿಯಂಗಿರೋವು. ಮಗನ ಸ್ನೇಹಿತ ತನ್ನ ಟ್ಯಾಂಕಲ್ಲಿ ಬೆಳೆದದ್ದರ ಚೂರು ಮುರಿದು ಕೊಟ್ಟಿದ್ದು, ನಾವು ದಾಸವಾಳದ ಕಡ್ಡಿ ಮುರಿದು ಕೊಡಲ್ವಾ ಹಂಗೆ. ಗುಂಡಿ ಜಾತಿಯಲ್ಲಿ ಕೆಲವಕ್ಕೆ ಘೋರ ವಿಷ ಇರ್ತದೆ, ಕೈಗವಸು ಇಲ್ಲದೆ ಮುಟ್ಟಬಾರದು, ಆ ಕಲ್ಲನ್ನ ತೊಳೆಯಕ್ಕೆ ಅಂತ ಬಿಸಿನೀರಿಗೆ ಹಾಕಲೇಬಾರದು, ಹಬೆ ಉಸಿರಿಗೆ ಹೋದ್ರೆ ಆಸ್ಪತ್ರೆ ಸೇರಬೇಕಾಯ್ತದೆ. ಮೊಮ್ಮಕ್ಕಳ್ನ ಕರ್ಕಂಡು ಬಂದಾಗ ಟ್ಯಾಂಕ್ ಒಳಗೆ ಕೈ ಹಾಕಬೇಡ್ರೋ ಅಂತ ನಾನು ಕೂಗೋದು ಅದಕ್ಕೇ, ಮೀನು ಮ್ಯಾಲಿನ ಪ್ರೀತಿಗಲ್ಲ.

ಈಗ ಲೈಟು.

ಟ್ಯಾಂಕ್ ಜೊತೆ ಬಂದಿದ್ದ ಲೈಟು ವರ್ಷ ತುಂಬೋ ಮೊದಲೇ ಹೋಯ್ತು. ಬೆಂಗಳೂರಿನ ಒಂದು ಅಂಗಡೀಲಿ ಕೇಳಿದ್ರೆ 38 ಸಾವಿರದ್ದು ತೋರಿಸಿದ. "ಅಮ್ಮ, ಹವಳಕ್ಕೆ ಇದೇ ಆಗಬೇಕು, ಬೇರೆ ಯಾವುದೂ ಆಗಲ್ಲ" ಅಂತ. ಕಮ್ಮಿದು ಕೇಳಿದ್ರೆ, "ನಿಮಗೆ ಅರ್ಥ ಆಗಲ್ಲ, ಮನೆಯೋರ್ನ ಕಳಿಸಿ" ಅಂದ. ಮನೆಯೋರು ಪಕ್ಕದಲ್ಲೇ ನಿಂತಿದ್ರು. ಅವರಿಗೆ ಟ್ಯೂಬ್‌ಲೈಟ್ ಸ್ಟಾರ್ಟರ್ ತಿರುಗಿಸೋಕೂ ಬರಲ್ಲ. ಆದ್ರೂ ಅವನಿಗೆ ಅರ್ಥ ಆಗೋ ತಲೆ ಅವರದ್ದು, ಆಗದೇ ಇರೋದು ನಂದು.

ತಂಗಿ ಮಗಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಮನೇಲಿದ್ಲು. "ದೊಡ್ಡಮ್ಮ, ಇದರಲ್ಲಿ ಅಂಥದ್ದೇನಿಲ್ಲ, ನಾವೇ ಮಾಡಣ" ಅಂದ್ಲು. ಎಸ್.ಪಿ. ರಸ್ತೆಗೆ ಎರಡು ಸಲ ಹೋಗಿ ಬಂದ್ವಿ. ಮೂರು ವ್ಯಾಟಿನ ಎಲ್‌ಇಡಿ 24, ಅಲ್ಯೂಮಿನಿಯಂ ಹೀಟ್‌ಸಿಂಕು, ಎರಡು ಡ್ರೈವರು, 48 ವೋಲ್ಟಿನ ಪವರ್ ಸಪ್ಲೈ, ಸಣ್ಣ ಫ್ಯಾನು, ಮ್ಯಾಲೆ ಮುಚ್ಚಕ್ಕೆ ಅಕ್ರಿಲಿಕ್ ಹಾಳೆ, ಟೈಮರು. ಬೆಸುಗೆ ಕಡ್ಡಿ, ಸೀಸ, ಮಲ್ಟಿಮೀಟರು ಸೇರಿ ಏಳು ಸಾವಿರಕ್ಕೆ ನೂರು ರೂಪಾಯಿ ಕಮ್ಮಿ. ಕಡ್ಡಿ, ಮೀಟರು ಈಗಲೂ ಮನೇಲೇ ಅವೆ, ಇನ್ನೂ ಹತ್ತು ಕೆಲಸಕ್ಕೆ ಬರ್ತವೆ.

ನೀಲಿ ಯಾಕೆ ಅಂತ ಎಲ್ಲರೂ ಕೇಳ್ತೀರಿ, ಸಿನಿಮಾ ಸೆಟ್ ಥರ ಮಾಡ್ಕಂಡವ್ರೆ ಅಂತಾನೂ ಒಬ್ರು ಅಂದ್ರಂತೆ. ನೀರಿಗೆ ಬೆಳಕು ಬಿದ್ರೆ ಮೊದಲು ಕೆಂಪು ಕರಗ್ತದೆ, ಆಳಕ್ಕೆ ಹೋಗೋದು ನೀಲಿ. ಹವಳದ ಒಳಗಿನ ಪಾಚಿ ಆ ನೀಲಿಗೇ ಒಗ್ಗಿಕೊಂಡದೆ. 450 ನ್ಯಾನೋಮೀಟರ್ ಅಂತಾರೆ, ಆ ಗುರುತಿನ ನೀಲಿ ಎಲ್‌ಇಡಿ ಮುಕ್ಕಾಲು ಪಾಲು ಹಾಕಿ, ನಮ್ಮ ಕಣ್ಣಿಗೆ ಚಂದ ಕಾಣಲಿ ಅಂತ ಒಂದಿಷ್ಟು ಬಿಳಿ ಸೇರಿಸಿದ್ವಿ. ಅಂದಹಾಗೆ ನಾವು ಮನೇಲಿ ಉರಿಸೋ ಬಿಳಿ ಎಲ್‌ಇಡಿ ಬಲ್ಬಿನ ಒಳಗೂ ಇರೋದು ನೀಲಿನೇ. ಮ್ಯಾಲೆ ಹಳದಿ ಪುಡಿ ಬಳಿದಿರ್ತಾರೆ, ಎರಡೂ ಬೆರೆತು ಬಿಳಿ ಕಾಣ್ತದೆ. ಕೆಂಪು ಎಲ್‌ಇಡಿ 1960ರ ದಶಕದಿಂದಲೇ ಇತ್ತು, ಚೆನ್ನಾಗಿ ಉರಿಯೋ ನೀಲಿ ಸಿಕ್ಕಿದ್ದು 1990ರ ದಶಕದಲ್ಲಿ. ಅದನ್ನ ಮಾಡಿದ ಜಪಾನಿನ ಮೂವರು, ಅಕಾಸಾಕಿ, ಅಮಾನೊ, ನಕಾಮುರ ಅಂತ, ಅವರಿಗೆ 2014ರಲ್ಲಿ ನೊಬೆಲ್ ಕೊಟ್ರು. 2015ರ ಕೊನೇಲಿ ಹೊಸ ಬೆಳಕು ಅಂತ ಕರೆಂಟ್ ಆಫೀಸಲ್ಲಿ ನೂರು ರೂಪಾಯಿಗೆ 9 ವ್ಯಾಟಿನ ಬಲ್ಬ್ ಕೊಟ್ರಲ್ಲ, ಸಾಲಲ್ಲಿ ನಿಂತು ತಂದ್ವಲ್ಲ, ಅದು ನಮ್ಮನೆಗಳಿಗೆ ಬಂದಿದ್ದೇ ಆ ನೀಲಿಯಿಂದ.

ಎಲ್‌ಇಡಿಗೆ ನೇರವಾಗಿ ವೋಲ್ಟೇಜ್ ಕೊಟ್ಟುಬಿಟ್ರೆ ಆಗಾಕಿಲ್ಲ. ಅದು ಬಿಸಿಯಾದಷ್ಟೂ ಕರೆಂಟು ಜಾಸ್ತಿ ಎಳೀತದೆ, ಎಳೆದಷ್ಟೂ ಬಿಸಿಯಾಯ್ತದೆ, ಕೊನೆಗೆ ಸುಟ್ಟು ಹೋಯ್ತದೆ. ಅದಕ್ಕೇ ಡ್ರೈವರ್ ಬೇಕು. ತೋಟದಲ್ಲಿ ಹನಿ ನೀರಾವರಿ ಹಾಕಿರೋರಿಗೆ ಇದು ಬಿಡಿಸಿ ಹೇಳೋದೇ ಬೇಡ. ಪೈಪಲ್ಲಿ ಒತ್ತಡ ಏರಲಿ ಇಳಿಯಲಿ, ಒಳ್ಳೆ ಡ್ರಿಪ್ಪರು ಗಂಟೆಗೆ ಇಷ್ಟೇ ಲೀಟರ್ ಅಂತ ಬಿಡ್ತದಲ್ಲ, ಹಂಗೇ ಡ್ರೈವರು 700 ಮಿಲಿಆಂಪಿಯರ್ ಅಂದ್ರೆ ಅಷ್ಟೇ ಬಿಡ್ತದೆ. ಒಂದೊಂದು ಎಲ್‌ಇಡಿಗೆ ಸುಮಾರು 3.3 ವೋಲ್ಟು ಬೇಕು. ಹೂ ಪೋಣಿಸಿದಂಗೆ 12 ಎಲ್‌ಇಡಿ ಒಂದರ ಹಿಂದೆ ಒಂದು ಪೋಣಿಸಿದ್ರೆ 40 ವೋಲ್ಟು ಆಯ್ತು. 48 ವೋಲ್ಟಿನ ಸಪ್ಲೈ ಅದಕ್ಕೆ ಸರಿಹೋಯ್ತು. ಹಂಗೆ ಎರಡು ಸರ. ಸರದಲ್ಲಿ ಒಂದು ಬಿಟ್ಕಂಡ್ರೆ ಇಡೀ ಸರ ಆರಿಹೋಯ್ತದೆ, ದೀಪಾವಳಿ ಸೀರಿಯಲ್ ಸೆಟ್ಟಿನಂಗೆ. ಎಲ್ಲಿ ಬಿಟ್ಟದೆ ಅಂತ ಮೀಟರ್ ಇಟ್ಟು ಹುಡುಕಬೇಕು.

ಬೆಸುಗೆ ಹಾಕೋದು ನಂಗೆ ಒಂದೇ ಮಧ್ಯಾಹ್ನದಲ್ಲಿ ಕೈಗೆ ಬಂತು. ಎರಡೂ ಕಡೆ ಮೊದಲು ತೆಳ್ಳಗೆ ಸೀಸ ಸವರಿಕೊಂಡು, ಆಮೇಲೆ ತಂತಿ ಇಟ್ಟು ಕಡ್ಡಿ ಮುಟ್ಟಿಸಿದ್ರೆ ಒಂದಕ್ಕೊಂದು ಓಡಿ ಬಂದು ಕೂಡ್ಕತವೆ. ಹೊಳೀತಾ ಇರಬೇಕು, ಮಂಕಾಗಿ ಉಂಡೆ ಕಟ್ಟಿದ್ರೆ ಅದು ಹಿಡಿದಿಲ್ಲ ಅಂತ. ಹೋಳಿಗೆ ಅಂಚು ಒತ್ತೋ ಕೈಗೆ, ಚಿಲ್ಲರೆ ಮಣಿ ಸರ ಪೋಣಿಸೋ ಕಣ್ಣಿಗೆ, ಇದು ಹೊಸದೇನಲ್ಲ. ಮುಗಿದ ಮ್ಯಾಲೆ ಕರೆಂಟ್ ಕೊಡೋ ಮೊದಲು ಪ್ರತಿಯೊಂದು ಬೆಸುಗೆಗೂ ಹೀಟ್‌ಸಿಂಕಿಗೂ ನಡುವೆ ಮೀಟರ್ ಇಟ್ಟು, ಎಲ್ಲೂ ತಗುಲಿಲ್ಲ ಅಂತ 24 ಸಲ ನೋಡಿದ್ಲು ಆ ಹುಡುಗಿ. ನಾನಾಗಿದ್ರೆ ನಾಲ್ಕು ನೋಡಿ ಸಾಕು ಅಂತಿದ್ದೆ. "ಇಲ್ಲ ದೊಡ್ಡಮ್ಮ, ಎಲ್ಲಾನೂ" ಅಂದ್ಲು. ಈ ಶ್ರದ್ಧೆಗೆ ನಿಮ್ಮ ಕಡೆ ಗಂಡುಬೀರಿತನ ಅಂತಾರಾ?

ಆಮೇಲೆ ಉರಿಸೋ ವಿದ್ಯೆ. ನೀಲಿ ನಮ್ಮ ಕಣ್ಣಿಗೆ ಮಂಕಾಗಿ ಕಾಣ್ತದೆ, ನಮ್ಮ ಕಣ್ಣಿಗೆ ಹಸಿರು ಹಳದಿನೇ ಜಾಸ್ತಿ ಕಾಣೋದು. ಹಂಗಾಗಿ ಇನ್ನೂ ಸಾಲದು, ಇನ್ನೂ ಸಾಲದು ಅಂತ ಏರಿಸಿಬಿಡ್ತಾರೆ, ಹವಳ ಬಿಳಚಿ ಸಾಯ್ತದೆ. ಹೊಸ ಲೈಟು ಅಂದ್ರೆ ಮೂರನೇ ಒಂದು ಪಾಲಿಂದ ಶುರು ಮಾಡಿ, ವಾರ ವಾರಕ್ಕೆ ಚೂರು ಚೂರೇ ಏರಿಸಬೇಕು. ದಿನಕ್ಕೆ ಎಂಟು ಗಂಟೆ. ರಾತ್ರಿ ಕತ್ತಲೆ ಇರಲೇಬೇಕು. ಇದನ್ನ ಕಲಿಯಕ್ಕೆ ನಂಗೆ ಯಾವ ಪುಸ್ತಕವೂ ಬೇಕಾಗಲಿಲ್ಲ ಕಣ್ರವ್ವ. ನಾವು ಹುಳ ಮೇಯಿಸಿದೋರು. ಚಾಕಿ ಹುಳಕ್ಕೆ 27, 28 ಡಿಗ್ರಿ ಬೇಕು, ದೊಡ್ಡ ಹುಳಕ್ಕೆ 25 ಡಿಗ್ರಿ ಮೀರಬಾರದು, ಜ್ವರಕ್ಕೆ ಕೂತಾಗ ಮುಟ್ಟಬಾರದು, ಸೊಪ್ಪು ಹಾಕಬಾರದು, ಚಂದ್ರಿಕೆಗೆ ಬಿಟ್ಟಾಗ ಒಂದು ಕಡೆಯಿಂದ ಬೆಳಕು ಹೊಡೆದ್ರೆ ಎಲ್ಲಾ ಒಂದೇ ಕಡೆ ಸರಿದು ಗೂಡು ಕೆಡ್ತದೆ. ರಾಮನಗರದ ಮಾರ್ಕೆಟ್ಟಿಗೆ ಗೂಡು ತಗಂಡು ಹೋಗಿ ದುಡ್ಡು ಎಣಿಸಿಕೊಂಡು ಬರೋರು ಗಂಡಸರು, ಆದ್ರೆ ಹುಳಮನೇಲಿ ರಾತ್ರಿ ಎದ್ದು ಎದ್ದು ಬಿಸಿ, ಗಾಳಿ, ಬೆಳಕು ನೋಡಿದೋರು ಯಾರು? ಒಂದು ಜೀವಕ್ಕೆ ಎಷ್ಟು ಬೆಳಕು ಬೇಕು ಅಂತ ಲೆಕ್ಕ ಹಾಕೋದು ನಮ್ಮ ಹೆಂಗಸರು ತಲೆತಲಾಂತರದಿಂದ ಮಾಡ್ತಾ ಬಂದಿರೋದೇ.

ಈಗ ಬರ್ತೀನಿ ಆ ಮಾತಿಗೆ. "ಹೆಂಗಸರು ಕರೆಂಟ್ ಮುಟ್ಟಬಾರದು."

ಯಾವ ಕರೆಂಟು? ನೂಲು ಬಿಚ್ಚಾಣಿಕೆ ಮನೆಗಳಲ್ಲಿ ಬಿಸಿನೀರಿನ ತೊಟ್ಟಿಗೆ ಕೈ ಹಾಕಿ, ಒದ್ದೆ ಕೈಯಲ್ಲಿ, ಪಕ್ಕದಲ್ಲೇ ಮೋಟಾರ್ ತಿರುಗ್ತಾ ಇರುವಾಗ ಹತ್ತು ಗಂಟೆ ನಿಲ್ಲೋ ಹೆಣ್ಣುಮಕ್ಕಳು ಯಾವ ಕರೆಂಟ್ ಪಕ್ಕ ನಿಂತವ್ರೆ? ರುಬ್ಬೋ ಗ್ರೈಂಡರಿಗೆ ಹಿಟ್ಟಿನ ಕೈಯಲ್ಲಿ ಸ್ವಿಚ್ ಹಾಕೋಳು ಯಾರು? ಗೀಸರು, ವಾಷಿಂಗ್ ಮಿಷಿನ್ನು, ಇಸ್ತ್ರಿ ಪೆಟ್ಟಿಗೆ, ತೊಟ್ಟಿಗೆ ನೀರು ಬಿಡೋ ಮೋಟಾರು? ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಇದನ್ನೆಲ್ಲಾ ಮುಟ್ಟೋದು ನಾವೇ. ಮುಟ್ಟಬೋದಂತೆ, ತಿಳ್ಕಬಾರದಂತೆ. ಶಾಕ್ ಹೊಡೆಸ್ಕಳಕ್ಕೆ ಅಡ್ಡಿ ಇಲ್ಲ, ಯಾಕೆ ಹೊಡೀತು ಅಂತ ಪ್ಲಗ್ ಬಿಚ್ಚಿ ನೋಡಿದ್ರೆ ಗಂಡುಬೀರಿ. ಕನಕಪುರದ ಆಚೆ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟ್ ತೆಗೆದವ್ರೆ. ನಮ್ಮ ಸೀಮೆ ಪಕ್ಕದಲ್ಲೇ ಕರೆಂಟ್ ಹುಟ್ಟಿ ನೂರಿಪ್ಪತ್ತು ವರ್ಷ ದಾಟಿದ್ರೂ ನಮಗೆ ಫೇಸ್ ಯಾವುದು, ನ್ಯೂಟ್ರಲ್ ಯಾವುದು ಅಂತ ಹೇಳಿಕೊಡೋರು ಇಲ್ಲ.

ನಿಮ್ಮನೇಲಿ ಅರ್ತ್ ಗುಂಡಿ ಎಲ್ಲೈತೆ ಗೊತ್ತಾ? ಹೇಳಿ ನೋಡೋಣ. ಮನೆ ಕಟ್ಟುವಾಗ ಉಪ್ಪು, ಇದ್ದಿಲು ಹಾಕಿ ಮುಚ್ಚಿದ್ದು ಆಮೇಲೆ ಯಾರಾದ್ರೂ ನೀರು ಹುಯ್ದಿದ್ದೀರಾ? ಬ್ಯಾಸಗೇಲಿ ಆ ಗುಂಡಿ ಒಣಗಿದ್ರೆ ಅರ್ತ್ ಕೆಲಸ ಮಾಡಾಕಿಲ್ಲ. ವಾರಕ್ಕೊಂದು ಬಕೆಟ್ ನೀರು, ಅಷ್ಟೇ. ತುಳಸಿ ಕಟ್ಟೆಗೆ ದಿನಾ ಹುಯ್ಯೋ ನಮಗೆ ಅದು ಭಾರನಾ? ಮೂರು ಕಾಲಿನ ಪ್ಲಗ್ಗಿಗೆ ಎರಡು ಕಾಲಿನ ಸಾಕೆಟ್ಟಾದ್ರೆ ಆ ದಪ್ಪ ಕಾಲು ಮುರಿದು ಹಾಕ್ತಾರೆ ಕೆಲವರು, ಜೀವ ಕಾಯೋದೇ ಆ ಕಾಲು ಅಂತ ಹೇಳಿಕೊಟ್ಟಿದ್ರೆ ಮುರೀತಿದ್ರಾ? ಮೀಟರ್ ಬೋರ್ಡ್ ಹತ್ತಿರ ಆರ್‌ಸಿಸಿಬಿ ಅಂತ ಒಂದು ಹಾಕಿಸಿದ್ರೆ, 30 ಮಿಲಿಆಂಪಿಯರ್ ಕರೆಂಟು ದಾರಿ ತಪ್ಪಿ ಮೈ ಮ್ಯಾಲೆ ಹರಿದ ತಕ್ಷಣ ಇಡೀ ಮನೆ ಲೈನ್ ಬೀಳಿಸ್ತದೆ. ಎಂಸಿಬಿ ಬೇರೆ, ಅದು ವೈರ್ ಕಾಯ್ತದೆ, ಮನುಷ್ಯರ್ನ ಕಾಯೋದು ಇದು. ಎಷ್ಟು ಮನೇಲಿ ಐತೆ? ನಮ್ಮನೇಲಿ ಈ ಟ್ಯಾಂಕಿನ ದೆಸೆಯಿಂದ ಹಾಕಿಸಿದ್ವಿ. ಉಪ್ಪುನೀರು ಸಿಹಿನೀರಿಗಿಂತ ಎಷ್ಟೋ ಪಾಲು ಚೆನ್ನಾಗಿ ಕರೆಂಟ್ ಹರಿಸ್ತದೆ, ಅದರ ಪಕ್ಕ ಹುಡುಗಾಟ ಆಡಕ್ಕಾಗಾಕಿಲ್ಲ. ವೈರೆಲ್ಲ ಪ್ಲಗ್ಗಿಗಿಂತ ಕೆಳಗೆ ಇಳಿದು ಜೋತುಬಿದ್ದು ಆಮೇಲೆ ಮೇಲೆ ಹೋಗಬೇಕು, ಆಗ ನೀರು ತೊಟ್ಟಿಕ್ಕಿದ್ರೂ ಆ ಕೊಂಕಿಯಲ್ಲೇ ಕೆಳಗೆ ಬೀಳ್ತದೆ, ಪ್ಲಗ್ಗಿಗೆ ಹೋಗಾಕಿಲ್ಲ. ಪವರ್ ಸಪ್ಲೈನ ಟ್ಯಾಂಕ್ ಮ್ಯಾಲೆ ಇಡದೆ ದೂರ ಗೋಡೆಗೆ ಹೊಡೆದಿದ್ದೀವಿ, ಟ್ಯಾಂಕ್ ಹತ್ತಿರ ಬರೋದು 48 ವೋಲ್ಟ್ ಮಾತ್ರ, 230 ಬರೋದೇ ಇಲ್ಲ. ಇಷ್ಟನ್ನೂ ಯೋಚನೆ ಮಾಡಿದೋಳು ಆ ಹುಡುಗಿ. ಅಂಗಡಿಯೋನು ಕೊಟ್ಟ ಲೈಟು 230ರ ವೈರನ್ನ ನೀರಿನ ಮ್ಯಾಲೇ ಇಳಿಬಿಟ್ಟಿತ್ತು.

ಬಿಲ್ಲು ಬಿಲ್ಲು ಅಂತೀರಿ. ಪೂರ್ತಿ ಉರಿಸಿದ್ರೂ 65 ವ್ಯಾಟು. ಎಂಟು ಗಂಟೆಗೆ ಅರ್ಧ ಯೂನಿಟ್ಟಿಗಿಂತ ಚೂರು ಜಾಸ್ತಿ, ತಿಂಗಳಿಗೆ 15, 16 ಯೂನಿಟ್ಟು. ಗೃಹಜ್ಯೋತಿ 2023ರಲ್ಲಿ ಬಂದ ಮ್ಯಾಲೆ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ಕಟ್ಟಬೇಕು ಅಂತ ನಂಗೂ ಗೊತ್ತು, ಮೀಟರ್ ನಾನೇ ನೋಡ್ತೀನಿ. ನಮ್ಮ ಮನೇಲಿ ಜಾಸ್ತಿ ತಿನ್ನೋದು ಲೈಟಲ್ಲ, ಯಾರೂ ಇಲ್ಲದ ರೂಮಲ್ಲಿ ದಿನವಿಡೀ ಮಾತಾಡೋ ಟಿವಿ. ಅದರ ಬಗ್ಗೆ ಯಾರೂ ಕೇಳಲ್ಲ, ಯಾಕಂದ್ರೆ ಅದನ್ನ ಹಾಕೋರು ಮನೆ ಯಜಮಾನರು.

ಇನ್ನು, ಇದೆಲ್ಲ ಹೆಣ್ಣುಮಕ್ಕಳ ಕೈಗೆ ಒಗ್ಗೋ ಕೆಲಸ ಅಲ್ಲ ಅನ್ನೋ ಮಾತು. ನಮ್ಮ ಅಪ್ಪಂದಿರ ಕೈಯಲ್ಲಿ ಎಚ್‌ಎಂಟಿ ವಾಚಿತ್ತಲ್ಲ. ಬೆಂಗಳೂರಲ್ಲಿ 1961ರಲ್ಲಿ ಶುರುವಾದ ಆ ಕಾರ್ಖಾನೇಲಿ ಆ ಸಣ್ಣ ಸಣ್ಣ ಚಕ್ರ ಜೋಡಿಸ್ತಾ ಇದ್ದೋರಲ್ಲಿ ಎಷ್ಟೋ ಜನ ಹೆಣ್ಣುಮಕ್ಕಳೇ. ಐಟಿಐ ಟೆಲಿಫೋನು, ಬಿಇಎಲ್, ಅಲ್ಲೂ ಹಂಗೇ. ಬೆಸುಗೆ ಹಾಕಿ ಹಾಕಿ ಮನೆ ನಡೆಸಿದ ಹೆಂಗಸರು ಅವರು. ಚನ್ನಪಟ್ಟಣಕ್ಕೆ ಬನ್ನಿ, ನಮ್ಮ ಕಾಲ ಬುಡಕ್ಕೇ. ಹಾಲೆ ಮರದ ತುಂಡನ್ನ ಮೋಟಾರಿನ ಲೇತಿಗೆ ಕಟ್ಟಿ, ತಿರುಗ್ತಾ ಇರುವಾಗ ಉಳಿ ಕೊಟ್ಟು ಕಡೆದು, ಅರಗು ಹಿಡಿದು ಬಣ್ಣ ಏರಿಸೋ ಹೆಣ್ಣುಮಕ್ಕಳು ಎಷ್ಟು ಜನ ಇಲ್ಲ? ಆ ಬೊಂಬೆ ದೇಶವಿದೇಶಕ್ಕೆ ಹೋಯ್ತದೆ, ನಾವೂ ಹೆಮ್ಮೆಯಿಂದ ಮದುವೆ ಉಡುಗೊರೆ ಕೊಡ್ತೀವಿ. ಲೇತಿಗೆ ಕೈ ಕೊಡಬೋದು, ಬೆಸುಗೆ ಕಡ್ಡಿ ಹಿಡಿಯಂಗಿಲ್ಲ, ಇದ್ಯಾವ ಲೆಕ್ಕ?

ರಾಜಸ್ಥಾನದಲ್ಲಿ ತಿಲೋನಿಯಾ ಅಂತ ಒಂದು ಹಳ್ಳಿ. 1972ರಲ್ಲಿ ಬಂಕರ್ ರಾಯ್ ಅನ್ನೋರು ಅಲ್ಲಿ ಬೇರ್‌ಫುಟ್ ಕಾಲೇಜು ಶುರು ಮಾಡಿದ್ರು. ಆಫ್ರಿಕಾದ ಹಳ್ಳಿಗಳಿಂದೆಲ್ಲ ಅಜ್ಜಿಯರು, ಓದು ಬರಹ ಬಾರದೋರು, ಒಬ್ಬರ ಭಾಷೆ ಇನ್ನೊಬ್ಬರಿಗೆ ಗೊತ್ತಿಲ್ಲದೋರು, ಅಲ್ಲಿಗೆ ಬಂದು ಆರು ತಿಂಗಳಲ್ಲಿ ಬಣ್ಣದ ಗುರುತಿಂದಲೇ ಸೋಲಾರ್ ದೀಪ ಜೋಡಿಸೋದು ಕಲ್ತು ವಾಪಸ್ ಹೋಗಿ ಊರಿಗೆ ಬೆಳಕು ಹಾಕವ್ರೆ. ಬೇಕಂತಲೇ ಅಜ್ಜಿಯರ್ನ ಆರಿಸಿದ್ದಂತೆ. ಗಂಡುಹುಡುಗರಿಗೆ ಕಲಿಸಿದ್ರೆ ಸರ್ಟಿಫಿಕೇಟ್ ಹಿಡ್ಕಂಡು ಪಟ್ಟಣ ಸೇರ್ತಾರೆ, ಅಜ್ಜಿ ಆದ್ರೆ ಊರಲ್ಲೇ ಉಳೀತಾಳೆ ಅಂತ. ನಮ್ಮ ಚಿಕ್ಕೋನ ಕತೆ ಬರೆದಂಗೇ ಐತೆ, ಟ್ಯಾಂಕ್ ಇಲ್ಲಿ, ಅವನು ಪುಣೇಲಿ.

ಕೊನೆಗೆ ಮದುವೆ ಮಾತು. "ನೀನು ಪಿಯುಸಿ ಓದಿದೋಳು, ಹುಡುಗಿ ಭವಿಷ್ಯ ನಿಂಗೇನು ಗೊತ್ತು" ಅಂತ ಒಬ್ರು ಅಂದ್ರು. ಸರಿ. ನಂಗೆ ಗೊತ್ತಿರೋದು ಇಷ್ಟು. ಗಂಡಿನ ಕಡೆಗೆ ಅವಳು ಚಕ್ಕುಲಿ ಚೆನ್ನಾಗಿ ಮಾಡ್ತಾಳೆ ಅಂತ ಹೇಳಿದ್ರಿ, ಅದು ಸುಳ್ಳು, ಅವಳಿಗೆ ಚಕ್ಕುಲಿ ಬರಲ್ಲ, ಅವತ್ತಿನ ಚಕ್ಕುಲಿ ನಾನು ಸುಟ್ಟಿದ್ದು. ಬರೋದನ್ನ ಅವಳದ್ದಲ್ಲ ಅಂದ್ರಿ, ಬಾರದ್ದನ್ನ ಅವಳದ್ದು ಅಂದ್ರಿ. ಮೂರು ವರ್ಷ ಡಿಪ್ಲೊಮಾ ಓದಿಸಕ್ಕೆ ಅವರಪ್ಪ ಹಸು ಮಾರಿದ. ಆ ಓದಿನಿಂದ ಅವಳು ಕೈಯಾರೆ ಮಾಡಿದ ಮೊದಲನೇ ವಸ್ತು ಆ ಲೈಟು. ಅದನ್ನ ಅವಳ ಕಣ್ಣೆದುರಿಗೇ ಇನ್ನೊಬ್ಬರ ಹೆಸರಿಗೆ ಬರೆದುಕೊಟ್ರಿ. ಆಸ್ತಿ ಹಂಗೆ ಬರೆದಿದ್ರೆ ಕೋರ್ಟಿಗೆ ಹೋಗ್ತಿದ್ವಿ. ಬಿಡದಿ ಕಡೆ ಒಂದು ಫ್ಯಾಕ್ಟರಿಯಿಂದ ಅವಳಿಗೆ ಕೆಲಸಕ್ಕೆ ಕರೆದವ್ರೆ. ಮದುವೆ ಗೊತ್ತಾಗೋ ತನಕ ಸುಮ್ಕಿರು ಅಂತ ಮನೇಲಿ ಕೂರಿಸವ್ರೆ. ಆ ಕೆಲಸ ಈ ತಿಂಗಳು ಕೊನೆ ತನಕ ಕಾಯ್ತದಂತೆ, ಆಮೇಲೆ ಬೇರೆಯೋರಿಗೆ. ಬೆಸುಗೆ ಹಾಕೋ ಹುಡುಗಿ ಬೇಡ ಅನ್ನೋ ಮನೆಯಾದ್ರೆ ಅದು ಈಗಲೇ ಗೊತ್ತಾಗಲಿ, ಮೂರು ಗಂಟು ಬಿದ್ದ ಮ್ಯಾಲೆ ಗೊತ್ತಾದ್ರೆ ಯಾರು ಏನು ಮಾಡ್ತೀರಿ? ನಾನು ಗಂಡಿನ ತಾಯಿಗೆ ಫೋನ್ ಮಾಡಿ ನಿಜ ಹೇಳ್ದೆ. ನನ್ನ ಕೇಳದೆ ಯಾಕೆ ಹೇಳಿದೆ ಅಂತ ತಂಗಿ ಎರಡು ದಿನ ಮಾತು ಬಿಟ್ಟವ್ಳೆ. ಆಯಮ್ಮ ಏನೂ ಅನ್ನಲಿಲ್ಲ, "ಹೌದಾ" ಅಂದು, ಸ್ವಲ್ಪ ಹೊತ್ತು ಬಿಟ್ಟು "ನಮ್ಮನೆ ಯುಪಿಎಸ್ ಆವಾಗಾವಾಗ ಕೂಗ್ತದೆ, ಅದ್ಯಾಕೆ ಕೇಳಿ ಹೇಳ್ತೀರಾ" ಅಂದ್ರು. ಸಂಬಂಧ ಆಯ್ತದೋ ಬಿಡ್ತದೋ ಗೊತ್ತಿಲ್ಲ. ಯುಪಿಎಸ್‌ಗೆ ಬ್ಯಾಟರಿ ಹೋಗದೆ ಅಂತ ಹುಡುಗಿ ಹೇಳವ್ಳೆ.

ಭಾನುವಾರ ಮಧ್ಯಾಹ್ನ ಮೂರು ಗಂಟೆ ಮ್ಯಾಲೆ ನಾನು, ಅವಳು ಮನೇಲಿರ್ತೀವಿ. ಟೆಸ್ಟರ್ ಹಿಡಿಯೋದು, ಪ್ಲಗ್ಗಿಗೆ ವೈರ್ ಕಟ್ಟೋದು, ಅರ್ತ್ ಐತಾ ಇಲ್ವಾ ನೋಡೋದು, ಇಷ್ಟು ಮೊದಲು. ಸೊಸೆಯಂದಿರ್ನೂ ಕರ್ಕಂಡು ಬನ್ನಿ, ಪಿಯುಸಿ ಓದ್ತಿರೋ ಹೆಣ್ಣುಮಕ್ಕಳ್ನೂ. ಕೆಟ್ಟುಹೋಗಿರೋ ಎಲ್‌ಇಡಿ ಬಲ್ಬ್ ಮನೇಲಿದ್ರೆ ಬಿಸಾಕದೆ ತನ್ನಿ, ಎಷ್ಟೋ ಸಲ ಒಳಗಿನ ಒಂದೇ ಒಂದು ಚುಕ್ಕಿ ಸುಟ್ಟಿರ್ತದೆ, ಮಿಕ್ಕಿದ್ದೆಲ್ಲ ಚೆನ್ನಾಗಿರ್ತದೆ. ಆದ್ರೆ ಹೋಲ್ಡರಲ್ಲಿ ಇದ್ದಂಗೇ ಅದರ ಮುಚ್ಚಳ ತೆಗೆಯಕ್ಕೆ ಹೋಗಬೇಡಿ. ಕಮ್ಮಿ ಬೆಲೆ ಬಲ್ಬುಗಳಲ್ಲಿ ಎಷ್ಟೋ ಸಲ ಆ ತಟ್ಟೆ ಮ್ಯಾಲೆ 230 ವೋಲ್ಟೇ ನೇರವಾಗಿ ಇರ್ತದೆ. ಬಿಚ್ಚಿ, ಬಟ್ಟೇಲಿ ಸುತ್ತಿ ತನ್ನಿ.